ಕಟ್ಟಡಕ್ಕೆ ಮೊದಲು ಕಾಗದ

ಕೊಳ್ಳೇಗಾಲವು 1956ರ ನವೆಂಬರ್ 1ನೆಯ ತಾರೀಖಿನವರೆಗೆ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕಾಗಿತ್ತೆಂದರೆ ಇಂದಿನ ಮಕ್ಕಳು ಕಣ್ಣರಳಿಸುತ್ತಾರೆ. ನಮ್ಮ ತಾಳವಾಡಿ ಸೀಮೆಯೂ 1979ರಲ್ಲಿ ಪೆರಿಯಾರ್ ಜಿಲ್ಲೆ, ಅಂದರೆ ಇಂದಿನ ಈರೋಡು ಜಿಲ್ಲೆ, ರಚನೆಯಾಗುವವರೆಗೆ ಕೊಯಮತ್ತೂರಿಗೇ ಸೇರಿತ್ತು. 2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾಯಿತು. ಹೀಗೆ ಭೂಪಟದ ಗೆರೆಗಳು ಹಲವು ಬಾರಿ ಸರಿದಿವೆ. ಆದರೆ ಹೊಟ್ಟೆಪಾಡಿನ ದಾರಿ ಮಾತ್ರ ಸರಿದಿಲ್ಲ. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು, ಸತ್ಯಮಂಗಲದ ಮೇಲೆ ಹಾದು ಕೊಯಮತ್ತೂರಿಗೋ ತಿರುಪ್ಪೂರಿಗೋ ಹೋಗುವ ನಮ್ಮ ಜನರ ಸಾಲು ಇಂದಿಗೂ ಕಡಿದಿಲ್ಲ.

ಬನಿಯನ್ ಕಾರ್ಖಾನೆಗಳಿಗೆ ಹೋಗುವವರ ವಿಚಾರವನ್ನು ಇಂದು ಬದಿಗಿರಿಸೋಣ. ಗಾರೆ ಕೆಲಸ, ಕಂಬಿ ಕಟ್ಟುವ ಕೆಲಸ, ಸೆಂಟ್ರಿಂಗ್, ಮರಗೆಲಸ, ಬಣ್ಣ ಬಳಿಯುವ ಕೆಲಸಗಳನ್ನು ನಂಬಿ ಹೋಗುವವರ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ಬಹಳ ದಿನಗಳಿಂದ ನಮ್ಮ ಮನಸ್ಸಿನಲ್ಲಿತ್ತು. ಇವರಲ್ಲಿ ಗಟ್ಟಿಯಾದ ಮೇಸ್ತ್ರಿಯ ಆಶ್ರಯವಿದ್ದವರಿಗೆ ಕೆಲಸ ಸಿಗುತ್ತದೆ. ಇಲ್ಲದವರು ಬೆಳಗಿನ ಆರು ಗಂಟೆಗೇ ಕೂಲಿಯವರು ಸೇರುವ ಕೂಡುರಸ್ತೆಯಲ್ಲಿ ಕರಣೆ, ಮಟ್ಟಗೋಲುಗಳನ್ನು ಚೀಲದಲ್ಲಿಟ್ಟುಕೊಂಡು ನಿಲ್ಲುತ್ತಾರೆ. ಎಂಟು ಗಂಟೆಯೊಳಗೆ ಯಾರಾದರೂ ಕರೆದರೆ ಆ ದಿನ ಅನ್ನ, ಕರೆಯದಿದ್ದರೆ ಟೀ ಅಂಗಡಿಯ ಸಾಲ. ನಾವು ಲೆಕ್ಕದ ಮೇಷ್ಟ್ರಾಗಿದ್ದವರು, ಆದಕಾರಣ ಲೆಕ್ಕ ಹಾಕಿಯೇ ಹೇಳುತ್ತೇವೆ. ನಾಲ್ಕು ಜನರ ಒಂದು ತಂಡವು ವಾರಕ್ಕೆ ಎರಡು ದಿನ ಹೀಗೆ ಬರಿದೆ ನಿಂತರೆ ವಾರಕ್ಕೆ 8 ಆಳುದಿನಗಳು ನಷ್ಟ. ನಾಲ್ಕು ವಾರಕ್ಕೆ 32 ಆಳುದಿನಗಳು. ಒಬ್ಬ ಮನುಷ್ಯನ ಒಂದು ತಿಂಗಳ ದುಡಿಮೆಯೇ ರಸ್ತೆಯ ಮೂಲೆಯಲ್ಲಿ ಕರಗಿಹೋಯಿತು. ಇದರ ಮೇಲೆ ಕೆಲಸ ಕೊಡಿಸಿದ ಮಧ್ಯವರ್ತಿಗೆ ಸಲ್ಲುವ ಪಾಲು ಬೇರೆ.

ಇದಕ್ಕೆ ಕಾರಣ ಕೈಯಲ್ಲಿ ಕಸುಬಿಲ್ಲದಿರುವುದಲ್ಲ. ಎಲ್ಲಿ ಕಟ್ಟಡ ಏಳುತ್ತಿದೆ ಎಂಬ ಸುದ್ದಿಯು ಕಸುಬುದಾರನಿಗೆ ಎಲ್ಲರಿಗಿಂತ ಕಡೆಯಲ್ಲಿ ತಲುಪುವುದೇ ಕಾರಣ. ಆದರೆ ಯಾವ ಕಟ್ಟಡವೂ ಮೊದಲು ಮಣ್ಣಿನಲ್ಲಿ ಹುಟ್ಟುವುದಿಲ್ಲ, ಕಾಗದದಲ್ಲಿ ಹುಟ್ಟುತ್ತದೆ. ತಮಿಳುನಾಡಿನಲ್ಲಿ 1971ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆ, 2019ರ ಸಂಯುಕ್ತ ಅಭಿವೃದ್ಧಿ ಮತ್ತು ಕಟ್ಟಡ ನಿಯಮಗಳು, ಇವುಗಳಂತೆ ನಕ್ಷೆಯನ್ನು ಸಲ್ಲಿಸಿ ಅನುಮತಿ ಪಡೆದ ಮೇಲೆಯೇ ಪಾಯ ತೋಡಬೇಕು. ಆ ಅನುಮತಿಯ ಕಾಗದದಲ್ಲಿ ಸ್ಥಳ, ವಿಸ್ತೀರ್ಣ, ಅಂತಸ್ತುಗಳು, ಹೊಣೆ ಹೊತ್ತ ಇಂಜಿನಿಯರ್, ಎಲ್ಲವೂ ಇರುತ್ತವೆ. ಓದಬಲ್ಲವನಿಗೆ ಅದು ಮುಂದಿನ ಹಲವು ತಿಂಗಳ ಕೆಲಸದ ಪಂಚಾಂಗ.

ಇದು ನಮ್ಮ ಹೊಸ ಕಲ್ಪನೆಯೇನೂ ಅಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ 1891ರಲ್ಲೇ ಡಾಡ್ಜ್ ಎಂಬವರು ಎಲ್ಲೆಲ್ಲಿ ಕಟ್ಟಡಗಳು ಏಳಲಿವೆ ಎಂಬ ವರ್ತಮಾನವನ್ನು ಕಲೆಹಾಕಿ ಗುತ್ತಿಗೆದಾರರಿಗೂ ಸಾಮಾನು ಮಾರುವವರಿಗೂ ಒದಗಿಸುವ ಉದ್ಯಮವನ್ನು ಆರಂಭಿಸಿದರು. ಇಂದಿಗೂ ಅಲ್ಲಿ ಪರವಾನಗಿ ದಾಖಲೆಯನ್ನು ನೋಡಿಕೊಂಡೇ ಬಣ್ಣದವರು, ಛಾವಣಿಯವರು ಗಿರಾಕಿಯ ಬಾಗಿಲಿಗೆ ಹೋಗುತ್ತಾರೆ. ನಮ್ಮಲ್ಲಿ ಸಿಮೆಂಟು, ಕಬ್ಬಿಣ, ಟೈಲ್ಸ್ ಮಾರುವ ಅಂಗಡಿಯವರಿಗೆ ಈ ಗುಟ್ಟು ತಿಳಿಯದುದೇನಲ್ಲ. ತಿಳಿಯದೆ ಉಳಿದವನು ಕರಣೆ ಹಿಡಿದವನೊಬ್ಬನೇ.

ಹಾಗಾದರೆ ಈ ಕಾಗದವನ್ನು ಎಲ್ಲಿ ನೋಡುವುದು? ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು ಸ್ಥಳೀಯ ಸಂಸ್ಥೆ. ಕೊಯಮತ್ತೂರು ಮಹಾನಗರಪಾಲಿಕೆಗೆ 100 ವಾರ್ಡುಗಳು, 5 ವಲಯಗಳು. ತಿರುಪ್ಪೂರು ಮಹಾನಗರಪಾಲಿಕೆಗೆ 60 ವಾರ್ಡುಗಳು, 4 ವಲಯಗಳು. ಪಲ್ಲಡಂ, ಉಡುಮಲೈ, ಧಾರಾಪುರ, ಪೊಳ್ಳಾಚಿ, ಮೇಟ್ಟುಪಾಳಯಂನಂತಹ ಊರುಗಳಲ್ಲಿ ನಗರಸಭೆ, ಹಳ್ಳಿಗಳಲ್ಲಿ ಪಂಚಾಯತಿ. ದೊಡ್ಡ ಕಟ್ಟಡಗಳ ಕಡತವು ನಗರ ಮತ್ತು ಗ್ರಾಮ ಯೋಜನಾ ಇಲಾಖೆಗೆ ಹೋಗುತ್ತದೆ. ಈಗ ಅರ್ಜಿಗಳೆಲ್ಲ ಆನ್‌ಲೈನ್ ಏಕಗವಾಕ್ಷಿ ವ್ಯವಸ್ಥೆಯ ಮೂಲಕ ಸಾಗುತ್ತಿವೆ. ಇಡೀ ನಗರವನ್ನು ಅಳೆಯಲು ಹೋಗಬಾರದು. ತಾವು ತಂಗಿರುವ ಕಡೆಯ ಒಂದು ವಲಯವನ್ನು ಆರಿಸಿಕೊಂಡರೆ ಸಾಕು.

ಎರಡನೆಯದು, ರೇರಾ ಎಂದು ಜನ ಕರೆಯುವ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. 2016ರ ಕೇಂದ್ರ ಕಾಯ್ದೆಯಂತೆ, 500 ಚದರ ಮೀಟರಿಗಿಂತ ಹೆಚ್ಚಿನ ನಿವೇಶನದಲ್ಲಿ ಅಥವಾ 8ಕ್ಕಿಂತ ಹೆಚ್ಚು ಮನೆಗಳನ್ನು ಕಟ್ಟಿ ಮಾರುವವರು ಅಲ್ಲಿ ನೋಂದಾಯಿಸಬೇಕು. ಗುತ್ತಿಗೆದಾರರ, ವಾಸ್ತುಶಿಲ್ಪಿಯ, ಇಂಜಿನಿಯರರ ಹೆಸರು ವಿಳಾಸಗಳನ್ನೂ ಕೊಡಬೇಕು. ಮೂರು ತಿಂಗಳಿಗೊಮ್ಮೆ ಕೆಲಸ ಎಲ್ಲಿಗೆ ಬಂತೆಂಬುದನ್ನು ತಿಳಿಸಬೇಕು. ಇದೆಲ್ಲವೂ ಪ್ರಾಧಿಕಾರದ ಜಾಲತಾಣದಲ್ಲಿ ಸಾರ್ವಜನಿಕರಿಗೆ ತೆರೆದಿರುತ್ತದೆ, ನೋಡಲು ಕಾಸು ಕೊಡಬೇಕಾಗಿಲ್ಲ.

ಮೂರನೆಯದು, ಅತಿ ದೊಡ್ಡ ಕಟ್ಟಡಗಳು. 20,000 ಚದರ ಮೀಟರ್ ಅಥವಾ ಅದಕ್ಕೂ ಮೀರಿದ ಕಟ್ಟಡಕ್ಕೆ 2006ರ ಅಧಿಸೂಚನೆಯಂತೆ ಪರಿಸರ ಅನುಮೋದನೆಯೂ ಬೇಕು. ಆ ದಾಖಲೆಯೂ ಬಹಿರಂಗ. ಸರಕಾರಿ ಶಾಲೆ, ಆಸ್ಪತ್ರೆ, ಕಚೇರಿ ಕಟ್ಟಡಗಳಾದರೆ 1998ರ ಟೆಂಡರ್ ಪಾರದರ್ಶಕತಾ ಕಾಯ್ದೆಯಂತೆ ಟೆಂಡರ್ ಪ್ರಕಟಣೆ ಹೊರಬೀಳುತ್ತದೆ. ಇಂತಹ ಕೆಲಸ ನೇರವಾಗಿ ನಮ್ಮ ನಾಲ್ಕು ಜನರ ತಂಡಕ್ಕೆ ಬರುವುದಿಲ್ಲ. ಗುತ್ತಿಗೆ ಯಾರಿಗಾಯಿತೆಂದು ತಿಳಿದರೆ ಅವರ ಕೈಕೆಳಗೆ ಒಳಗುತ್ತಿಗೆ ಕೇಳಬಹುದು.

ಎಲ್ಲಕ್ಕಿಂತ ಸುಲಭವಾದುದು ನಾಲ್ಕನೆಯದು, ನಿವೇಶನದ ಮುಂದಿನ ಫಲಕ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ, ಕಟ್ಟಡದ ಕೆಲಸ ನಡೆಯುವಷ್ಟು ಕಾಲವೂ ಅಂಗೀಕೃತ ನಕ್ಷೆಯ ಪ್ರತಿಯನ್ನು ನಿವೇಶನದಲ್ಲಿ ತೂಗುಹಾಕಬೇಕೆಂದು ಆದೇಶಿಸಿದೆ. ಎಲ್ಲರೂ ಪಾಲಿಸುತ್ತಾರೆಂದು ಹೇಳಲಾಗದು. ಪಾಲಿಸಿದ ಕಡೆ ನಿಂತು ಓದಲು ಯಾರ ಅಪ್ಪಣೆಯೂ ಬೇಡ.

ಇಲ್ಲಿ ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಒಂದು ಕಿವಿಮಾತು. ಫಲಕವೂ ಕಡತವೂ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ಹತ್ತು ಪದಗಳನ್ನು ಬಲ್ಲೆವಾದರೆ ತಮಿಳಿನ ಕಡತ ಅರ್ಥವಾಗುತ್ತದೆ. ‘ತಿಟ್ಟ ಅನುಮದಿ’ ಎಂದರೆ ಯೋಜನಾ ಅನುಮತಿ, ‘ಕಟ್ಟಿಡ ಅನುಮದಿ’ ಎಂದರೆ ಕಟ್ಟಡದ ಅನುಮತಿ. ‘ಪುಲ ಎಣ್’ ಸರ್ವೆ ನಂಬರು. ‘ಉರಿಮೈಯಾಳರ್’ ಮಾಲೀಕರು, ‘ಪೊರಿಯಾಳರ್’ ಇಂಜಿನಿಯರ್, ‘ಒಪ್ಪಂದದಾರರ್’ ಗುತ್ತಿಗೆದಾರರು. ‘ಸದುರ ಅಡಿ’ ನಮ್ಮ ಚದರ ಅಡಿ. ಎರಡು ಪದಗಳಲ್ಲಿ ನಮ್ಮವರು ಎಡವುತ್ತಾರೆ. ‘ಮನೈ’ ಎಂಬುದನ್ನು ಮನೆ ಎಂದು ಓದಬಾರದು, ಅದು ಬರಿಯ ನಿವೇಶನ. ‘ತಳಂ’ ಎಂದರೆ ತಳವಲ್ಲ, ಅಂತಸ್ತು. ‘ತರೈ ತಳಂ’ ನೆಲ ಅಂತಸ್ತು, ‘ಮುದಲ್ ತಳಂ’ ಅದರ ಮೇಲಿನದು. ಒಡಹುಟ್ಟಿದ ಭಾಷೆಗಳು ಹೀಗೆ ಒಂದೇ ಮುಖ ತೋರಿಸಿ ಬೇರೆ ಮಾತಾಡುವುದುಂಟು.

ಜಾಲತಾಣದಲ್ಲೂ ಫಲಕದಲ್ಲೂ ವಿವರ ಸಿಗದಿದ್ದರೆ ಏನು ಮಾಡುವುದು? 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಪ್ರಕರಣವನ್ನು ನಮ್ಮ ಓದುಗರು ಒಮ್ಮೆ ನೋಡಬೇಕು. ಪ್ರತಿಯೊಂದು ಸಾರ್ವಜನಿಕ ಕಚೇರಿಯೂ ತಾನು ಕೊಟ್ಟ ರಿಯಾಯಿತಿ, ಪರವಾನಗಿ, ಅಧಿಕಾರಪತ್ರಗಳನ್ನು ಪಡೆದವರ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಪ್ರಕಟಿಸದಿದ್ದರೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಕೊಡಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಏತಕ್ಕೆ ಬೇಕೆಂದು ಕಾರಣ ಹೇಳಬೇಕಾದುದಿಲ್ಲ. ಅರ್ಜಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರಲಿ. ಕೇಳುವಾಗ ಹದವರಿತು ಕೇಳಬೇಕು. ಇಂತಹ ವಲಯದಲ್ಲಿ ಕಳೆದ ಮೂರು ತಿಂಗಳಲ್ಲಿ ಕೊಟ್ಟ ಅನುಮತಿಗಳು, ಅವುಗಳ ದಿನಾಂಕ, ಸ್ಥಳ, ವಿಸ್ತೀರ್ಣ, ಅಂತಸ್ತು, ಇಂಜಿನಿಯರರ ಹೆಸರು, ಇಷ್ಟೇ ಸಾಕು. ಮಾಲೀಕರ ದೂರವಾಣಿ ಸಂಖ್ಯೆಯನ್ನಾಗಲಿ ಖಾಸಗಿ ಸಂಗತಿಯನ್ನಾಗಲಿ ಕೇಳುವುದು ನ್ಯಾಯವೂ ಅಲ್ಲ, ಕಾನೂನು ಕೊಡುವುದೂ ಇಲ್ಲ.

ನಮ್ಮ ಶಾಲೆಯಲ್ಲಿ ಓದಿದ ಗಾರೆ ಕೆಲಸಗಾರನೊಬ್ಬ ಕಳೆದ ದೀಪಾವಳಿಗೆ ಊರಿಗೆ ಬಂದಿದ್ದಾಗ ಈ ಮಾತೆಲ್ಲ ಕೇಳಿ, “ಮೇಷ್ಟ್ರೇ, ಆ ಕಾಗದಾನ ನಮ್ಮಂಥೋರಿಗೆ ತೋರಿಸ್ತಾರಾ? ಬಾಗಿಲಲ್ಲೇ ಓಡಿಸಿಬಿಡ್ತಾರಲ್ಲಾ” ಎಂದ.

“ತೋರಿಸುವುದು ಅವರ ಕರ್ತವ್ಯ ಕಣಪ್ಪಾ. ನೀನು ಭಿಕ್ಷೆ ಕೇಳಲು ಹೋಗುತ್ತಿಲ್ಲ, ಓದಲು ಹೋಗುತ್ತಿದ್ದೀಯೆ” ಎಂದೆವು.

ಅವನ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಅವಳೂ ಕಟ್ಟಡದ ಕೆಲಸದಲ್ಲಿ ಕೈಯಾಳು. “ಇವ್ರಿಗೆ ಓದೋಕೆ ಬೇಸರ ಸಾರ್, ನಾನು ಮಗಳ ಹತ್ರ ಓದಿಸ್ತೀನಿ” ಎಂದಳು. ಎಂಟನೆಯ ತರಗತಿಯ ಆ ಹುಡುಗಿ ಮೊಬೈಲಿನಲ್ಲಿ ರೇರಾ ಪಟ್ಟಿಯನ್ನೂ, ಅಪ್ಪ ಬಿಡುವಿನ ದಿನ ಅಡ್ಡಾಡಿ ತಂದ ಫಲಕಗಳ ಚಿತ್ರಗಳನ್ನೂ ನೋಡಿ ಒಂದು ನೋಟುಪುಸ್ತಕ ತುಂಬಿಸಿದಳು. ಸುಮಾರು ನಲವತ್ತು ಕಟ್ಟಡಗಳಾದವು. ಆಮೇಲೆ ಅವಳೇ ಕಂಡುಹಿಡಿದ ಒಂದು ಸಂಗತಿ ನಮಗೂ ಹೊಳೆದಿರಲಿಲ್ಲ. ಮಾಲೀಕರ ಹೆಸರುಗಳು ನಲವತ್ತು, ಇಂಜಿನಿಯರರ ಹೆಸರುಗಳು ಹನ್ನೊಂದೇ! ಒಬ್ಬರ ಹೆಸರು ಏಳು ಕಡೆ ಇತ್ತು. ಮನೆ ಕಟ್ಟಿಸುವವನು ಬಾಳಿನಲ್ಲಿ ಒಮ್ಮೆ ಕಟ್ಟಿಸಿಯಾನು, ಇಂಜಿನಿಯರಿಗೆ ವರ್ಷವಿಡೀ ಆಳು ಬೇಕು. ಆದಕಾರಣ ನಲವತ್ತು ಬಾಗಿಲು ತಟ್ಟುವುದನ್ನು ಬಿಟ್ಟು, ಹೆಚ್ಚು ಬಾರಿ ಹೆಸರು ಬಂದ ಮೂವರನ್ನು ಕಾಣಲು ಹೋದರು. ಇಬ್ಬರು ಆಳು ಇದ್ದಾರೆಂದು ಕಳುಹಿಸಿದರು. ಮೂರನೆಯವರು ಪೊಂಗಲ್ ಕಳೆದು ಬರಹೇಳಿದರು. ತೈ ತಿಂಗಳಲ್ಲಿ ಹೋದಾಗ ಒಂದು ಮನೆಯ ಇಟ್ಟಿಗೆ ಕೆಲಸ ಸಿಕ್ಕಿತು, ಅದು ಮುಗಿಯುವಷ್ಟರಲ್ಲಿ ಇನ್ನೊಂದು. ಅವರು ಶ್ರೀಮಂತರಾಗಲಿಲ್ಲ. ಆದರೆ ಕೂಡುರಸ್ತೆಯಲ್ಲಿ ನಿಲ್ಲುವುದು ತಪ್ಪಿತು, ಮಧ್ಯವರ್ತಿಯ ಪಾಲು ಮನೆಗೆ ಉಳಿಯಿತು.

ಹೊತ್ತರಿತು ಹೋಗುವುದೂ ಒಂದು ವಿದ್ಯೆ. ಅನುಮತಿ ಸಿಕ್ಕಿತೆಂದ ಮಾತ್ರಕ್ಕೆ ಮರುದಿನವೇ ಕೆಲಸ ಆರಂಭವಾಗುವುದಿಲ್ಲ. ಬ್ಯಾಂಕಿನ ಸಾಲಕ್ಕೆ ಕಾದು ಕಾಗದವನ್ನು ಪೆಟ್ಟಿಗೆಯಲ್ಲಿಟ್ಟವರು ಬಹಳ. ಆಡಿ ಮತ್ತು ಮಾರ್ಗಳಿ ತಿಂಗಳುಗಳಲ್ಲಿ ತಮಿಳು ಕುಟುಂಬಗಳು ಸಾಮಾನ್ಯವಾಗಿ ಭೂಮಿಪೂಜೆ ಮಾಡುವುದಿಲ್ಲ. ಆಡಿಯಲ್ಲಿ ಬಂದ ಅನುಮತಿಗೆ ಆವಣಿಯಲ್ಲೂ, ಮಾರ್ಗಳಿಯದಕ್ಕೆ ತೈಯಲ್ಲೂ ಹೋಗಿ ವಿಚಾರಿಸಬೇಕು. ಇನ್ನೊಂದು ಕಡೆ, 2024ರ ಜುಲೈ 22ರಿಂದ ತಮಿಳುನಾಡಿನಲ್ಲಿ ಸ್ವಯಂ ಪ್ರಮಾಣೀಕರಣದ ಪದ್ಧತಿ ಬಂದಿದೆ. 2,500 ಚದರ ಅಡಿಯೊಳಗಿನ ನಿವೇಶನದಲ್ಲಿ 3,500 ಚದರ ಅಡಿಯೊಳಗೆ ನೆಲ ಅಂತಸ್ತು ಅಥವಾ ಅದರ ಮೇಲೊಂದು ಅಂತಸ್ತಿನ ಮನೆ ಕಟ್ಟುವವರಿಗೆ ಆನ್‌ಲೈನಿನಲ್ಲಿ ತಕ್ಷಣವೇ ಅನುಮತಿ ಸಿಗುತ್ತದೆ. ಹೀಗಾಗಿ ಸಣ್ಣ ಮನೆಗಳಲ್ಲಿ ಕಾಗದಕ್ಕೂ ಗುದ್ದಲಿಗೂ ನಡುವಿನ ಅಂತರ ಕಡಿಮೆಯಾಗಿದೆ. ಇವುಗಳನ್ನು ತಿಂಗಳಿಗೊಮ್ಮೆ ವಿಚಾರಿಸಿದರೆ ಸಾಲದು, ವಾರಕ್ಕೊಮ್ಮೆ ಆ ಬೀದಿಗಳಲ್ಲಿ ನಡೆದಾಡಬೇಕು.

ಕಸುಬಿಗೆ ತಕ್ಕಂತೆ ಸಮಯವೂ ಬೇರೆ. ಕಂಬಿಯವರೂ ಸೆಂಟ್ರಿಂಗಿನವರೂ ಪಾಯದ ಹಂತದಲ್ಲೇ ಕಾಣಿಸಿಕೊಳ್ಳಬೇಕು. ವಿದ್ಯುತ್ತಿನ ಕೆಲಸದವರು ಗೋಡೆಗೆ ಗಿಲಾವು ಆದಮೇಲೆ ಹೋದರೆ ಆಗದು. ಛಾವಣಿಯ ಕಾಂಕ್ರೀಟ್ ಸುರಿಯುವ ಮುಂಚೆಯೇ ತಂತಿಯ ಕೊಳವೆಗಳನ್ನು ಇಡಬೇಕಾಗುತ್ತದೆ. ಬಡಗಿಯವರು ಬಾಗಿಲ ಚೌಕಟ್ಟು ನಿಲ್ಲಿಸುವ ಹೊತ್ತಿಗೆ, ಟೈಲ್ಸಿನವರು ಗಿಲಾವಿನ ಹೊತ್ತಿಗೆ, ಬಣ್ಣದವರು ನೆಲಹಾಸಿನ ಹೊತ್ತಿಗೆ ಮಾತನಾಡಿಡಬೇಕು. ನೋಟುಪುಸ್ತಕದಲ್ಲಿ ಐದು ಅಂಕಣ ಸಾಕು: ಅನುಮತಿಯ ದಿನ, ಸ್ಥಳ, ವಿಸ್ತೀರ್ಣ ಮತ್ತು ಅಂತಸ್ತು, ಇಂಜಿನಿಯರ್, ನಾವು ನೋಡಿಬಂದ ದಿನ ಮತ್ತು ಅಂದಿನ ಹಂತ. ಕಡೆಯ ಅಂಕಣವನ್ನು ಆಗಾಗ ತಿದ್ದುತ್ತಿರಬೇಕು.

ಕಾಗದ ನೋಡುವುದರಲ್ಲಿ ಇನ್ನೊಂದು ಲಾಭವಿದೆ, ಅದು ಕೆಲಸ ಸಿಗುವುದಕ್ಕಿಂತ ದೊಡ್ಡದು. ಅನುಮತಿಯಿಲ್ಲದೆ ಏಳುವ ಕಟ್ಟಡವನ್ನು ನಡುವೆಯೇ ನಿಲ್ಲಿಸಲು, ಬೀಗಮುದ್ರೆ ಹಾಕಲು 1971ರ ಕಾಯ್ದೆಯಲ್ಲಿ ಅಧಿಕಾರಿಗಳಿಗೆ ಅಧಿಕಾರವಿದೆ. ಅಂದು ಮಾಲೀಕ ನ್ಯಾಯಾಲಯಕ್ಕೆ ಓಡುತ್ತಾನೆ, ಮೇಸ್ತ್ರಿ ಫೋನು ಎತ್ತುವುದಿಲ್ಲ, ಎರಡು ವಾರದ ಕೂಲಿ ಬಾಕಿ ಇರುವ ಬಡವನು ಬೀಗ ನೋಡುತ್ತ ನಿಲ್ಲುತ್ತಾನೆ. ಆದ್ದರಿಂದ ಕೆಲಸಕ್ಕೆ ಒಪ್ಪುವ ಮುನ್ನ, “ಅಯ್ಯಾ, ಪ್ಲಾನ್ ಅಪ್ರೂವಲ್ ಆಗಿದೆಯೇ?” ಎಂದು ವಿನಯದಿಂದ ಕೇಳುವುದು ಅಹಂಕಾರವಲ್ಲ. ಮುಂಗಡ ಕೊಡುವ ಮಾಲೀಕ ನಮ್ಮ ಊರು, ಹೆಸರು ವಿಚಾರಿಸುವುದಿಲ್ಲವೇ? ಇದೂ ಹಾಗೆಯೇ.

ಆ ಕಾಗದದಲ್ಲಿ ಕೂಲಿಗಾರನ ಪಾಲೂ ಅಡಗಿದೆಯೆಂಬುದು ಬಹುಜನರಿಗೆ ತಿಳಿಯದು. 1996ರ ಕೇಂದ್ರ ಕಾಯ್ದೆಯಿಂದ ಬಂದು, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿರುವ ನಿಯಮದಂತೆ, ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಕಾರ್ಮಿಕರ ಕಲ್ಯಾಣಕ್ಕೆಂದು ಸೆಸ್ ಸಲ್ಲಬೇಕು. ಸ್ವಂತ ವಾಸದ ಸಣ್ಣ ಮನೆಗಳಿಗೆ ವಿನಾಯಿತಿ ಉಂಟು. 60 ಲಕ್ಷ ರೂಪಾಯಿಯ ಅಂಗಡಿ ಕಟ್ಟಡವಾದರೆ 60,000 ರೂಪಾಯಿ. ತಮಿಳುನಾಡಿನಲ್ಲಿ 1982ರ ಕಾಯ್ದೆಯಡಿ 1994ರಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಸ್ಥಾಪನೆಯಾಯಿತು. ಮಕ್ಕಳ ವಿದ್ಯಾಭ್ಯಾಸ, ಹೆರಿಗೆ, ಅಪಘಾತ, ಅರುವತ್ತರ ಮೇಲಿನ ಪಿಂಚಣಿ, ಇವುಗಳಿಗೆ ಅಲ್ಲಿ ನೆರವುಂಟು. ಆದರೆ ನೋಂದಾಯಿಸಿಕೊಂಡವರಿಗೆ ಮಾತ್ರ. ನೂರಾರು ಮನೆಗಳಿಗೆ ಕಲ್ಲು ಹೊತ್ತ ನಮ್ಮ ಅಕ್ಕತಂಗಿಯರು, ತಾವು ಬರಿಯ ‘ಸಿತ್ತಾಳ್’, ಅಂದರೆ ಕೈಯಾಳುಗಳು, ತಮಗೇತರ ಕಾರ್ಡು ಎಂದು ಸುಮ್ಮನಿದ್ದಾರೆ. ಇದು ಆಗಬಾರದು. ಗಂಡನಿಗೊಂದು ಕಾರ್ಡು, ಹೆಂಡತಿಗೊಂದು ಕಾರ್ಡು ಇರಲೇಬೇಕು.

ಕಡೆಗೆ ನಡತೆಯ ಮಾತು. ದಾಖಲೆ ನೋಡಿಕೊಂಡು ಹೋದವನು ಪೊಲೀಸಿನವನಂತೆ ವರ್ತಿಸಬಾರದು. ಹಗಲಿನಲ್ಲಿ, ಕೆಲಸದ ಜಾಗಕ್ಕೇ, ಇಬ್ಬರಿಗಿಂತ ಹೆಚ್ಚಿಲ್ಲದೆ ಹೋಗಬೇಕು. ಮಾಲೀಕರ ಮನೆಯ ಬಾಗಿಲಿಗೆ ಗುಂಪಾಗಿ ಹೋಗಿ ಮನೆಯ ಹೆಂಗಸರನ್ನು ಹೆದರಿಸಬಾರದು. ಆಗಲೇ ಒಬ್ಬ ಮೇಸ್ತ್ರಿ ಒಪ್ಪಿಕೊಂಡಿದ್ದರೆ ಅವನ ಮೇಲೆ ಚಾಡಿ ಹೇಳಿ ಕೆಲಸ ಕಿತ್ತುಕೊಳ್ಳಬಾರದು. ಬಿಹಾರದಿಂದಲೋ ಒಡಿಶಾದಿಂದಲೋ ಬಂದ ಕೂಲಿಗಾರನು ನಮ್ಮ ಹಾಗೆಯೇ ಊರು ಬಿಟ್ಟು ಬಂದವನು, ಅವನು ನಮ್ಮ ಶತ್ರುವಲ್ಲ. ಪಟ್ಟಿ ಕೊಡಿಸುತ್ತೇನೆಂದು ಕಾಸು ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬಾರದು.

ನಮ್ಮ ತಲೆಮಾರಿನ ತಂದೆತಾಯಿಗಳು ಮಕ್ಕಳನ್ನು ಶಾಲೆಗೆ ಕಳುಹಿಸುವಾಗ ‘ಓದಿ ಕೆಲಸಕ್ಕೆ ಸೇರಲಿ’ ಎಂದು ಬಯಸಿದರು. ಎಲ್ಲರಿಗೂ ಕುರ್ಚಿಯ ಕೆಲಸ ಸಿಗಲಿಲ್ಲ, ಸಿಗುವಂತೆಯೂ ಇಲ್ಲ. ಹಾಗೆಂದು ಓದು ವ್ಯರ್ಥವಾಯಿತೆಂದು ನಾವು ಒಪ್ಪಲಾರೆವು. ಓದಬಲ್ಲ ಮಗಳು ಮನೆಯಲ್ಲಿದ್ದರೆ ಅಪ್ಪನಿಗೆ ಪಟ್ಟಿ ಓದಿ ಹೇಳಬಹುದು, ಅರ್ಜಿ ಬರೆದು ಕೊಡಬಹುದು, ಅಮ್ಮನ ಕಾರ್ಡಿನ ದಿನಾಂಕ ನೆನಪಿಸಬಹುದು. ಈ ಭಾನುವಾರ ಘಾಟಿ ಇಳಿಯುವವರ ಚೀಲದಲ್ಲಿ ಕರಣೆಯ ಜತೆಗೆ ಒಂದು ನೋಟುಪುಸ್ತಕವೂ ಪೆನ್ನೂ ಇರಲೆಂದು ನಮ್ಮ ಕೋರಿಕೆ. ಇಂತಹ ಪುಸ್ತಕ ತೆರೆದ ಕುಟುಂಬಗಳು ತಮ್ಮ ಅನುಭವವನ್ನು ಈ ಪತ್ರಿಕೆಗೆ ಬರೆದು ತಿಳಿಸಿದರೆ, ಇತರರಿಗೂ ದಾರಿಯಾದೀತು.